ಉಪ್ಪುನೀರಿನ ತಾವರೆ

ನಾನು ಅಂಡಮಾನಿಗೆ ಹೋಗಿಲ್ಲ.

ಮೂರೇ ಶಬ್ದದ ವಾಕ್ಯ. ಕರ್ತೃ ಇದೆ, ಕ್ರಿಯಾಪದ ಇದೆ, ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ — ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು, ಇಂಥ ವಾಕ್ಯವನ್ನು ಬೋರ್ಡಿನ ಮೇಲೆ ಸಾವಿರ ಸಲ ಬರೆದಿರಬಹುದು. ಇದೊಂದನ್ನು ಬರೆಯಲು ಒಂಬತ್ತು ವರ್ಷ ಬೇಕಾಯಿತು. ಕುಷ್ಟಗಿಯ ನನ್ನ ಓಣಿಯವರು, ತಾವರಗೇರಾದ ನನ್ನ ಶಾಲೆಯವರು, ಅಳವಂಡಿಯಲ್ಲಿರುವ ನನ್ನ ಅಣ್ಣ, ಅತ್ತಿಗೆ — ಎಲ್ಲರೂ ನಾನು ಒಂಬತ್ತು ವರ್ಷದ ಹಿಂದೆ ದಸರಾ ರಜೆಯಲ್ಲಿ ಅಂಡಮಾನಿಗೆ ಹೋಗಿ ಬಂದೆ ಎಂದೇ ನಂಬಿದ್ದಾರೆ. ನಂಬಲಿ ಎಂದೇ ನಾನು ಹೇಳಿದ್ದು. ಅವರಿಗೆ ಹೇಳಿದ ಸುಳ್ಳು ಅಷ್ಟೇನೂ ದೊಡ್ಡದಲ್ಲ. ಇದಕ್ಕಿಂತ ದೊಡ್ಡ ಸುಳ್ಳುಗಳು ನಮ್ಮೂರಲ್ಲಿ ದಿನಾ ಚಹಾದ ಜೊತೆ ಕರಗುತ್ತವೆ. ಆದರೆ ಆ ಸುಳ್ಳನ್ನು ಕಾಯ್ದುಕೊಳ್ಳಲು ನಾನು ಒಬ್ಬ ಮನುಷ್ಯನಿಂದ ಸಮುದ್ರವನ್ನು ಕಸಿದುಕೊಂಡೆ. ಕಣ್ಣು ಹೋಗುವುದರೊಳಗೆ ಒಮ್ಮೆ ನೋಡಬೇಕು ಎಂದಿದ್ದ ಮನುಷ್ಯ. ಅವರ ಹೆಸರು ಇಮಾಮ್‌ಸಾಬ್. ನಾನು ಚಾಚಾ ಎನ್ನುತ್ತಿದ್ದೆ.

ಚಾಚಾ ಪುಸ್ತಕ ಕಟ್ಟುವವರು. ಕುಷ್ಟಗಿಯ ಹಳೇ ಬಜಾರದ ಒಂದು ಗಲ್ಲಿಯಲ್ಲಿ, ಇಬ್ಬರು ಕುಳಿತರೆ ಮೂರನೆಯವರು ಹೊರಗೆ ನಿಲ್ಲಬೇಕಾದಷ್ಟು ಚಿಕ್ಕ ಅಂಗಡಿ. ರಟ್ಟು, ದಾರ, ದಬ್ಬಣ, ಮೈದಾ ಅಂಟಿನ ಬೋಗುಣಿ. ಹುಳ ಹತ್ತಬಾರದೆಂದು ಅಂಟಿಗೆ ಮೈಲುತುತ್ತ ಹಾಕಿ ಕುದಿಸುತ್ತಿದ್ದರು. ಅದರ ವಾಸನೆ ಗಲ್ಲಿಯ ತುದಿಗೇ ಸಿಗುತ್ತಿತ್ತು. ಕುರಾನು, ಪುರಾಣ, ಶಾಲೆಯ ಹಾಜರಿ ಪುಸ್ತಕ, ಯಾರದೋ ಮನೆಯ ಹಳೇ ಪಂಚಾಂಗಗಳ ಕಟ್ಟು — ಎಲ್ಲವನ್ನೂ ಅವರು ಒಂದೇ ದಾರದಿಂದ ಹೊಲಿಯುತ್ತಿದ್ದರು. ಓದಿದ್ದು ನಾಲ್ಕನೇ ಇಯತ್ತೆವರೆಗೆ. ಆದರೆ ಕಟ್ಟಲು ಬಂದ ಯಾವ ಪುಸ್ತಕವನ್ನೂ ಓದದೆ ವಾಪಸು ಕೊಟ್ಟವರಲ್ಲ. “ಹೊಲಿಯೂ ಮುಂದ ಒಂದ್ ಕಣ್ಣು ದಾರದ ಮ್ಯಾಲ, ಒಂದ್ ಕಣ್ಣು ಅಕ್ಷರದ ಮ್ಯಾಲ ಇರಬೇಕ್ರಿ ಅಕ್ಕೋರ” ಎನ್ನುತ್ತಿದ್ದರು.

ತಾವರಗೇರಾದಿಂದ ಸಂಜೆಯ ಬಸ್ಸಿಗೆ ಬಂದಿಳಿದು, ಮನೆಗೆ ಹೋಗುವ ಮುಂಚೆ ಆ ಅಂಗಡಿಯಲ್ಲಿ ಒಂದು ತಾಸು ಕೂಡುವುದು ನನ್ನ ಪದ್ಧತಿ. ಮದುವೆ ಆಗಲಿಲ್ಲ, ಯಾಕೆ ಎಂಬುದು ಈ ಬರಹಕ್ಕೆ ಬೇಕಾದ ವಿಷಯವಲ್ಲ. ಮನೆಯಲ್ಲಿ ಕಾಯುವವರಿರಲಿಲ್ಲ. ಚಾಚಾನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಒಬ್ಬಳೇ ಮಗಳು ಮೆಹರುನ್ ಮದುವೆಯಾಗಿ ಹೋಗಿದ್ದಳು. ನಮ್ಮಿಬ್ಬರಿಗೂ ದಿನದ ಕೊನೆಗೆ ಒಂದಿಷ್ಟು ಸಂಜೆ ಖರ್ಚಾಗದೆ ಉಳಿಯುತ್ತಿತ್ತು. ಅದನ್ನು ಪುಸ್ತಕದ ಮಾತಿನಲ್ಲಿ ಕಳೆಯುತ್ತಿದ್ದೆವು. ಮಗರೀಬಿನ, ಅಂದರೆ ಸಂಜೆಯ ನಮಾಜಿನ, ಆಜಾನು ಕೇಳಿದ ಕೂಡಲೇ ಅವರು ಕೈ ತೊಳೆಯಲು ಏಳುತ್ತಿದ್ದರು, ನಾನು ಚೀಲ ಎತ್ತಿಕೊಳ್ಳುತ್ತಿದ್ದೆ.

ಆ ವರ್ಷ ಕೊಪ್ಪಳದ ಪ್ರವಾಸದ ಏಜೆಂಟನೊಬ್ಬ ಅಂಡಮಾನಿಗೆ ಒಂದು ತಂಡ ಮಾಡುತ್ತಿದ್ದಾನೆಂದು ತಿಳಿದು ಹೆಸರು ಬರೆಸಿದೆ. ನಮ್ಮ ಶಾಲೆಯಿಂದಾಗಲಿ, ಕುಷ್ಟಗಿಯಿಂದಾಗಲಿ ಬೇರಾರೂ ಇರಲಿಲ್ಲ. ಐವತ್ತೊಂದು ತುಂಬಿತ್ತು. ಅಲ್ಲಿಯವರೆಗೆ ನಾನು ಕಂಡ ಅತಿ ದೊಡ್ಡ ನೀರೆಂದರೆ ತುಂಗಭದ್ರಾ ಡ್ಯಾಮಿನ ಹಿನ್ನೀರು. ಚಾಚಾಗೆ ಹೇಳಿದಾಗ ಅವರು ದಬ್ಬಣ ಕೆಳಗಿಟ್ಟು ನನ್ನನ್ನೇ ನೋಡಿದರು.

“ಸಮುದ್ರದ ನಡುವ ಇರೂ ನಡುಗಡ್ಡಿಗಿ ಹೊಂಟೀರಿ?”

“ಹೌದ್ರಿ ಚಾಚಾ.”

“ಹಂಗಾರ ಓದಾಕ ಏನ್ ಒಯ್ತೀರಿ?”

ಬೇರೆ ಯಾರೇ ಆಗಿದ್ದರೂ ಟಿಕೆಟ್ಟು, ಊಟ, ವಿಮಾನ ಎನ್ನುತ್ತಿದ್ದರು. ಈ ಮನುಷ್ಯನಿಗೆ ಮೊದಲು ಹೊಳೆದದ್ದು ಪುಸ್ತಕ. ಅವತ್ತಿನಿಂದ ಎರಡು ವಾರ ನಮಗೆ ಅದೇ ಕೆಲಸ. ಅವರ ಅಂಗಡಿಯ ಮೇಲಿನ ಹಲಗೆಯಲ್ಲಿ, ಕಟ್ಟಲು ಕೊಟ್ಟು ತಿರುಗಿ ಬಾರದವರ ಪುಸ್ತಕಗಳ ಸಾಲೇ ಇತ್ತು. ಒಂದೊಂದನ್ನು ಇಳಿಸುವುದು, ಧೂಳು ಹೊಡೆಯುವುದು, ವಾದ ಮಾಡುವುದು. ನನಗೆ ಸಮುದ್ರದ ಕಥೆಗಳೇ ಬೇಕು. ಅವರು ಬೇಡ ಎನ್ನುವವರು.

“ಸಮುದ್ರದ ಮುಂದ ಕುಂತು ಸಮುದ್ರದ ಬುಕ್ ಓದೂದಾ? ಊಟದ ತಾಟು ಮುಂದಿಟ್ಕೊಂಡು ಅಡಗಿ ಪುಸ್ತಕ ಓದಿದಂಗ ಆಗತೈತ್ರಿ. ಅಲ್ಲೆ ಕುಂತು ನಮ್ಮ ಕಡೀದು ಓದ್ರಿ. ಜ್ವಾಳದ ಹೊಲದ್ದು ಓದ್ರಿ. ನೀರಿನ ಮುಂದ ಕುಂತಾಗ ಒಣ ನೆಲದ ಬೆಲಿ ತಿಳೀತೈತಿ.”

ಕೊನೆಗೆ ನಾಲ್ಕು ಪುಸ್ತಕಕ್ಕೆ ಒಪ್ಪಂದವಾಯಿತು. ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಹೊತ್ತು ಕಳೆಯಲು ಒಂದು ದಪ್ಪ ಕಾದಂಬರಿ. ಮರಳಲ್ಲಿ ಕುಳಿತು ನಡುನಡುವೆ ತೆರೆಯಲು ಒಂದು ತೆಳು ಕವನ ಸಂಕಲನ. ಅವರ ಹಟಕ್ಕೆ ಬಯಲುಸೀಮೆಯ ಒಂದು ಕಥಾಸಂಗ್ರಹ. ನಾಲ್ಕನೆಯದು — ನಾಲ್ಕನೆಯದಕ್ಕೆ ಹೆಸರಿರಲಿಲ್ಲ. ಯಾವುದೋ ಶಾಲೆಯವರು ಹಿಂದೆಂದೋ ಒಂದು ಮೂಟೆ ಚೂರುಚೂರಾದ ಪುಸ್ತಕ ಕೊಟ್ಟು ಹೋಗಿದ್ದರಂತೆ, ಮತ್ತೆ ಬರಲೇ ಇಲ್ಲ. ಅದರಲ್ಲಿದ್ದ ಒಂದು ಪ್ರವಾಸಕಥನ ಇದು. ರಟ್ಟೂ ಇಲ್ಲ, ಮೊದಲ ಹದಿನಾರು ಪುಟವೂ ಇಲ್ಲ, ಹಾಗಾಗಿ ಬರೆದವರು ಯಾರೆಂದು ಗೊತ್ತಿಲ್ಲ. ಯಾರೋ ಒಬ್ಬರು ಬಹಳ ಹಿಂದೆ ದ್ವೀಪಗಳಿಗೆ ಹೋಗಿ ಬಂದು ಬರೆದದ್ದು. ಚಾಚಾ ಅದನ್ನು ಬಿಚ್ಚಿ ಹೊಸದಾಗಿ ಹೊಲಿದರು, ನೀಲಿ ಬಟ್ಟೆಯ ಹೊದಿಕೆ ಹಾಕಿದರು, ಕೊನೆಗೆ ಎಂಟು ಖಾಲಿ ಹಾಳೆ ಸೇರಿಸಿದರು.

ಹೊರಡುವ ದಿನ ಬೆಳಿಗ್ಗೆ ಕುಷ್ಟಗಿಯ ಬಸ್‌ಸ್ಟ್ಯಾಂಡಿಗೆ ಬಂದು, ನಾಲ್ಕನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. “ಈ ನೀಲಿದು ಮೊದಲ ಓದಬ್ಯಾಡ್ರಿ. ಸಮುದ್ರ ನೋಡ್ರಿ, ಆಮ್ಯಾಲ ಓದ್ರಿ. ಆಗ ಬರದಾಂವ ಖರೇ ಹೇಳ್ಯಾನೋ ಇಲ್ಲೋ ಗೊತ್ತಾಗತೈತಿ. ಹಿಂದ ಖಾಲಿ ಹಾಳಿ ಅದಾವು, ನಿಮಗ ಕಂಡದ್ದು ನೀವು ಬರೀರಿ.” ಬಸ್ಸು ಹೊರಡುವ ಮುಂಚೆ ಕಿಟಕಿಯ ಹತ್ತಿರ ಬಂದು ಇನ್ನೊಂದು ಕೇಳಿದರು. “ಅಕ್ಕೋರ, ಒಂದು ನೋಡಿಕೊಂಡು ಬರ್ರಿ. ಸಮುದ್ರ ನಿಂತ ನೀರೋ, ಹರಿಯೂ ನೀರೋ?”

ನಗಬೇಡಿ. ಕೆರೆ ನಿಂತ ನೀರು, ಕಾಲುವೆ ಹರಿಯುವ ನೀರು. ನಮ್ಮ ಕಡೆ ಹುಟ್ಟಿದವರಿಗೆ ನೀರಿನಲ್ಲಿ ಇರುವುದು ಇವೆರಡೇ ಜಾತಿ. ಮೂರನೆಯದೊಂದು ಇದ್ದರೆ ಅದು ಹೇಗಿರುತ್ತದೆ ಎಂದು ಅವರು ನಿಜವಾಗಿಯೇ ಯೋಚಿಸಿದ್ದರು.

ಕೊಪ್ಪಳದ ಏಜೆಂಟನ ಆಫೀಸಿನ ಮುಂದೆ ಎಲ್ಲರೂ ಸೇರಿದ್ದರು. ಅಲ್ಲಿಂದ ಬಸ್ಸು, ಮುಂದೆ ವಿಮಾನ. ಎಲ್ಲರೂ ಗಂಡ-ಹೆಂಡತಿ, ಮಕ್ಕಳು. ನಾನು ಒಳಗೆ ನೀರು ಕುಡಿಯಲು ಹೋದಾಗ ಪಕ್ಕದ ಕೋಣೆಯಲ್ಲಿ ರೂಮಿನ ಪಟ್ಟಿ ಮಾಡುತ್ತಿದ್ದರು. ಬಾಗಿಲು ಅರ್ಧ ತೆರೆದಿತ್ತು.

“ಈ ಪಾರ್ವತಿ ಟೀಚರನ್ನ ಯಾರ ರೂಮಿಗಿ ಹಾಕೂದ್ರಿ?” ಒಬ್ಬ ಹೆಣ್ಣುಮಗಳ ದನಿ.

“ನಮ್ಮ ರೂಮಿಗಿ ಬ್ಯಾಡ್ರಿ, ಹುಡುಗ್ರು ಅದಾವು.”

“ಒಬ್ಬಾಕಿ ಅಂದ್ರ ಹಿಂಗ ನೋಡ್ರಿ. ಎಲ್ಲೆ ಹಾಕಿದ್ರೂ ಹೆಚ್ಚಾಗತಾರ.”

ಅವರು ಕೆಟ್ಟವರಲ್ಲ. ಪಟ್ಟಿ ಹೊಂದಿಸುತ್ತಿದ್ದರು ಅಷ್ಟೇ. ಹೊರಗೆ ಬಂದಿದ್ದರೆ ಅದೇ ಹೆಣ್ಣುಮಗಳು ನನಗೆ ಚುರುಮುರಿ ಕೊಟ್ಟು, ಬರ್ರಿ ಟೀಚರ್ ಎಂದು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದಳು. ಆದರೆ “ಹೆಚ್ಚಾಗತಾರ” ಎಂಬ ಆ ಮಾತು — ಅಣ್ಣನ ಮನೆಯ ಹಬ್ಬದ ಪಂಕ್ತಿಯಲ್ಲಿ, ಮದುವೆಮನೆಯ ಫೋಟೋದಲ್ಲಿ, ಎಲ್ಲಾ ಕಡೆ ನನಗೆ ಅನಿಸುತ್ತಿದ್ದುದನ್ನು ಯಾರೋ ಒಬ್ಬರು ಕೊನೆಗೂ ಬಾಯಿಬಿಟ್ಟು ಹೇಳಿದಂತಾಯಿತು. ನಾನು ಏಜೆಂಟನ ಹತ್ತಿರ ಹೋಗಿ, ಅಣ್ಣನಿಗೆ ಹುಷಾರಿಲ್ಲವೆಂದು ಫೋನು ಬಂದಿದೆ, ನಾನು ಬರಲಾರೆ ಎಂದೆ. ಅವತ್ತಿನ ಮೊದಲ ಸುಳ್ಳು ಅದು. ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಕುಷ್ಟಗಿಯ ಬಸ್ಸೂ ಗಂಗಾವತಿಯ ಬಸ್ಸೂ ಅಕ್ಕಪಕ್ಕ ನಿಂತಿದ್ದವು. ಕುಷ್ಟಗಿಯದನ್ನು ಹತ್ತಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಚಾಚಾ “ಯಾಕ್ರಿ” ಎನ್ನುತ್ತಿದ್ದರು, ನಾನು ಅತ್ತುಬಿಡುತ್ತಿದ್ದೆ, ಅವರು ಚಹಾ ತರಿಸುತ್ತಿದ್ದರು. ಎರಡು ವಾರ ಪುಸ್ತಕ ಆರಿಸಿ, ಪ್ಲಾಸ್ಟಿಕ್ಕು ಸುತ್ತಿ ಕೊಟ್ಟ ಮನುಷ್ಯನ ಮುಂದೆ ಅದೇ ಗಂಟು ಹಿಡಿದು ಮಧ್ಯಾಹ್ನದೊಳಗೆ ನಿಲ್ಲಲು ನನಗೆ ಮುಖವಿರಲಿಲ್ಲ. ಗಂಗಾವತಿಯ ಬಸ್ಸು ಹತ್ತಿದೆ.

ಅಲ್ಲಿ ಒಂದು ಲಾಡ್ಜಿನಲ್ಲಿ ಎಂಟು ದಿನ ಇದ್ದೆ. ಕಿಟಕಿ ತೆರೆದರೆ ರೈಸ್‌ಮಿಲ್ಲು. ಹಗಲೆಲ್ಲ ಅದರ ಗುಂಯ್‌ಗುಡುವಿಕೆ, ಕಿಟಕಿಯ ಕಟ್ಟೆಯ ಮೇಲೆ ಹೊಟ್ಟಿನ ಧೂಳು. ಊಟಕ್ಕೆ ಇಳಿದರೆ ಹಳೇ ವಿದ್ಯಾರ್ಥಿಗಳು ಯಾರಾದರೂ ಸಿಕ್ಕಾರೆಂದು ಸೆರಗು ಹೊದ್ದುಕೊಂಡು, ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದೆ. ಉಳಿದ ಹೊತ್ತು ಓದು. ಸಮುದ್ರ ನೋಡಿದ ಮೇಲೆ ಓದಿ ಎಂದು ಕೊಟ್ಟ ನೀಲಿ ಪುಸ್ತಕವನ್ನೇ ಮೊದಲು ಬಿಚ್ಚಿದೆ. ಮೂರು ಸಲ ಓದಿದೆ. ಪರೀಕ್ಷೆಗೆ ಓದಿದ ಹಾಗೆ, ಹವಳದ ಬಣ್ಣ, ಏಡಿಗಳ ಓಟ, ಮರಳ ಮೇಲೆ ನೀರು ಹಿಂದೆ ಸರಿಯುವ ಸದ್ದು, ಎಲ್ಲವನ್ನೂ ಬಾಯಿಪಾಠ ಮಾಡಿದೆ. ಮುಖ ಕಪ್ಪಾಗಲಿ ಎಂದು ಮಧ್ಯಾಹ್ನ ಲಾಡ್ಜಿನ ಮಾಳಿಗೆಯ ಮೇಲೆ ಬಿಸಿಲಿಗೆ ಕುಳಿತುಕೊಳ್ಳುತ್ತಿದ್ದೆ. ಈಗ ನೆನೆದರೆ ನಗು ಬರುತ್ತದೆ. ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಬೈದವಳು — ಹೇಳೋದು ಆಚಾರ, ತಿನ್ನೋದು ಬದನೇಕಾಯಿ.

ವಾಪಸು ಬರುವಾಗ ಗಂಗಾವತಿಯ ಪೂಜಾ ಸಾಮಾನಿನ ಅಂಗಡಿಯಲ್ಲಿ ಎರಡು ದೊಡ್ಡ ಕವಡೆ ಕೊಂಡುಕೊಂಡೆ. ಒಂದು ಅಣ್ಣನ ಮಗಳಿಗೆ, ಒಂದು ಚಾಚಾಗೆ. ಫೋಟೋ ಕೇಳಿದವರಿಗೆಲ್ಲ ಫೋನು ನೀರಿಗೆ ಬಿತ್ತು ಎಂದೆ.

ಚಾಚಾ ಮಾತ್ರ ಫೋಟೋ ಕೇಳಲಿಲ್ಲ. ಕವಡೆಯನ್ನು ಕಿವಿಗೆ ಹಿಡಿದು ಕೇಳಿದರು, ಆಮೇಲೆ ಹಾಳೆಗಳು ಹಾರದಂತೆ ಅದನ್ನು ಭಾರಕ್ಕಿಟ್ಟರು. “ಹೇಳ್ರಿ ಅಕ್ಕೋರ” ಎಂದು ಕೈಕಟ್ಟಿ ಕುಳಿತರು. ಅವರು ಕೆಲಸ ನಿಲ್ಲಿಸಿ ಕುಳಿತದ್ದನ್ನು ನಾನು ಅವತ್ತೇ ನೋಡಿದ್ದು. ನಾನು ಹೇಳಿದೆ. ಹವಳ ಹೇಳಿದೆ, ಏಡಿ ಹೇಳಿದೆ. ಅವರ ಮುಖ ಅರಳುತ್ತ ಹೋದಂತೆ ನನಗೆ ಹುರುಪು ಬಂತು. ಆ ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ್ದ ಒಂದು ಭಾಗವಿತ್ತು. ಬೆಳಿಗ್ಗೆ ನೀರಿನ ಮೇಲೆಯೇ ಸಂತೆ, ದೋಣಿಯಿಂದ ದೋಣಿಗೆ ಕಾಯಿಪಲ್ಲೆಯ ವ್ಯಾಪಾರ, ಸುತ್ತ ತಾವರೆ, ದೋಣಿಯವಳೊಬ್ಬಳು ಬಾಗಿ ಒಂದು ತಾವರೆ ಕಿತ್ತು ಬರಹಗಾರನ ಕೈಗೆ ಕೊಡುವುದು. ನಾನು ಅದನ್ನೂ ಹೇಳಿದೆ. ಬರಹಗಾರನ ಜಾಗದಲ್ಲಿ ನಾನು ನಿಂತೆ. “ಇಪ್ಪತ್ತು ವರ್ಷದ ಮ್ಯಾಲಾತು ತಾವರಗೇರಾಕ್ಕ ಹೋಗಾಕ ಹತ್ತಿ, ಅಲ್ಲೆ ಹೆಸರಿನಾಗಷ್ಟ ತಾವರಿ, ನಾ ಒಂದೂ ನೋಡಿಲ್ರಿ ಚಾಚಾ. ಅಷ್ಟು ದೂರ ಹೋಗಿ ಸಮುದ್ರದಾಗ ನೋಡಿದೆ” ಎಂದೆ.

ಚಾಚಾ ಮೇಲಿನ ಹಲಗೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ನಕ್ಕರು. “ಊರ ಕೆರ್ಯಾಗ ಇಲ್ಲದ ತಾವರಿ ನಿಮಗ ಉಪ್ಪುನೀರಿನಾಗ ಸಿಕ್ತು. ಪುಣ್ಯಾ ಮಾಡೀರಿ ಬಿಡ್ರಿ.”

ನಾನೂ ನಕ್ಕೆ. ಉಪ್ಪುನೀರು ಎಂದು ಅವರು ಒತ್ತಿ ಹೇಳಿದ್ದು ನನಗೆ ಕೇಳಿಸಲೇ ಇಲ್ಲ. ನಿಂತ ನೀರೋ ಹರಿಯುವ ನೀರೋ ಎಂದು ಅವರು ಮತ್ತೆ ಕೇಳಲಿಲ್ಲ. ನಾನೂ ಹೇಳಲಿಲ್ಲ, ಅದು ಪುಸ್ತಕದಲ್ಲಿ ಇರಲಿಲ್ಲ.

ಇಲ್ಲಿಗೆ ನಿಂತಿದ್ದರೆ ಇದೊಂದು ತಮಾಷೆಯ ಸುಳ್ಳಾಗಿ ಉಳಿಯುತ್ತಿತ್ತು.

ಮುಂದಿನ ವರ್ಷ ಬೇಸಿಗೆಯಲ್ಲಿ ಚಾಚಾನ ಹೊಲಿಗೆ ಸಾಲು ತಪ್ಪತೊಡಗಿತು. ಕೊಪ್ಪಳದ ಕಣ್ಣಿನ ಡಾಕ್ಟರು, ಕಣ್ಣಿನ ನರ ಒಣಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದು ಎರಡು ವರ್ಷ ಉಳಿದರೆ ಹೆಚ್ಚು ಎಂದರಂತೆ. ಅದೇ ಹೊತ್ತಿಗೆ ಮೆಹರುನಳ ಗಂಡ, ಟೈಲ್ಸ್ ಹಾಕುವ ಮಿಸ್ತ್ರಿ, ಕೆಲಸದ ಮೇಲೆ ಹೋದದ್ದು ಎಲ್ಲಿಗೆ ಎನ್ನುತ್ತೀರಿ? ಅಂಡಮಾನಿಗೇ. ಮೆಹರುನ್ ಕೂಡ ಹೋದಳು. ಅಲ್ಲಿಂದ ಫೋನು: ಅಬ್ಬಾ, ಬಾ, ಒಂದು ತಿಂಗಳು ಇದ್ದು ಹೋಗು, ಕಣ್ಣು ಇರುವುದರೊಳಗೆ ಸಮುದ್ರ ನೋಡು.

ಚಾಚಾ ಇದನ್ನು ನನಗೆ ಹೇಳಿದ ಸಂಜೆ ಅಂಗಡಿಯಲ್ಲಿ ನಾವಿಬ್ಬರೇ. ಅಂಟು ಆರುತ್ತಿತ್ತು. ಅವರು ಕತ್ತರಿ ಹಿಡಿದುಕೊಂಡೇ ಕೇಳಿದರು.

“ಹೋಗಲೇನ್ರಿ ಅಕ್ಕೋರ? ನೀವು ನೋಡಿ ಬಂದೀರಿ. ನೀವ ಹೇಳ್ರಿ.”

ಆ ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತು ಎಂಬುದನ್ನು ನಾನು ಮುಚ್ಚಿಡಬಾರದು — ಅದಕ್ಕಾಗಿಯೇ ಇದನ್ನು ಬರೆಯುತ್ತಿರುವುದು. ಅವರ ಕಣ್ಣು ನನಗೆ ನೆನಪಾಗಲಿಲ್ಲ. ಅವರು ಅಲ್ಲಿಗೆ ಹೋಗುತ್ತಾರೆ, ನೀರಿನ ಮೇಲಿನ ಸಂತೆ ಎಲ್ಲಿ ಎಂದು ಮಗಳನ್ನು ಕೇಳುತ್ತಾರೆ, ನಾನು ಇಳಿದೆನೆಂದು ಹೇಳಿದ ಹೋಟೆಲು ಹುಡುಕುತ್ತಾರೆ, ವಾಪಸು ಬಂದು ನನ್ನ ಮುಖ ನೋಡುತ್ತಾರೆ — ಇಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಯಾರೂ ಕೇಳದ ಪ್ರಶ್ನೆಗಳಿಗೆಲ್ಲ ಒಳಗೊಳಗೆ ಹೆದರಿಕೊಂಡೆ. ಆಮೇಲೆ ಹೇಳಿದೆ:

“ಬ್ಯಾಡ ಬಿಡ್ರಿ ಚಾಚಾ. ಅಲ್ಲೇನೈತಿ? ಬರೇ ನೀರು. ಆ ಬಿಸಲು, ಆ ಉಪ್ಪುಗಾಳಿ ನಿಮ್ಮ ಕಣ್ಣಿಗಿ ಭಾಳ ಕೆಟ್ಟು.”

ಅವರು ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರು ಎಂದು ಹೇಳಲಾರೆ. ನಾನು ಕವಡೆಯನ್ನು ನೋಡುತ್ತಿದ್ದೆ. ಕತ್ತರಿ ಕೆಳಗಿಟ್ಟ ಸದ್ದಾಯಿತು.

“ಆತ್ರಿ. ನೀವು ಬ್ಯಾಡ ಅಂದ ಮ್ಯಾಲ ಮುಗೀತು.”

ಅವರು ಹೋಗಲಿಲ್ಲ. ಡಾಕ್ಟರು ಹೇಳಿದ ಎರಡು ವರ್ಷವೂ ಹಿಡಿಯಲಿಲ್ಲ. ಮೊದಲು ಸೂಜಿಗೆ ದಾರ ಪೋಣಿಸುವುದು ಹೋಯಿತು, ಆಮೇಲೆ ಅಕ್ಷರ, ಆಮೇಲೆ ಗಿರಾಕಿಯ ಮುಖ. ಕಣ್ಣು ಪೂರ್ತಿ ಹೋದ ಮೇಲೂ ಅಂಗಡಿಯ ಬಾಗಿಲು ತೆಗೆಯುತ್ತಿದ್ದರು. ಕಟ್ಟುವ ಕೆಲಸವಿಲ್ಲ; ಕುಳಿತಿರುತ್ತಿದ್ದರು. ನಾನು ಬಸ್ಸಿಳಿದು ಬಂದರೆ ಚಪ್ಪಲಿಯ ಸದ್ದಿಗೇ “ಬರ್ರಿ ಅಕ್ಕೋರ” ಎನ್ನುತ್ತಿದ್ದರು. ನಾನು ಓದುತ್ತಿದ್ದೆ, ಅವರು ಕೇಳುತ್ತಿದ್ದರು.

ತಿಂಗಳಿಗೊಮ್ಮೆಯಾದರೂ “ಇವತ್ತ ಆ ಸಮುದ್ರದ್ದು ಓದ್ರಿ” ಎನ್ನುತ್ತಿದ್ದರು. ನಾನು ನೀಲಿ ಪುಸ್ತಕ ತೆಗೆಯುತ್ತಿದ್ದೆ. ಹವಳದ ಭಾಗ ಮುಗಿದು, ಬರಹಗಾರ ದೋಣಿ ಹತ್ತಿ ಬೆಳಗಿನ ಸಂತೆಗೆ ಹೊರಡುವ ಪುಟ ಬರುತ್ತಿದ್ದಂತೆ ಅವರು ಕೈ ಎತ್ತುತ್ತಿದ್ದರು. “ಅದು ಬ್ಯಾಡ. ಅದರ ಮುಂದಿಂದು ಓದ್ರಿ.” ಪ್ರತಿಸಲ ಅಲ್ಲಿಯೇ. ನನಗೆ ಇಷ್ಟವಾದ ಭಾಗ ಅವರಿಗೆ ಬೇಸರ ತರಿಸುತ್ತದೆ ಎಂದುಕೊಂಡು ಹದಿನಾರು ಪುಟ ಮಗುಚಿ ಮುಂದಕ್ಕೆ ಹೋಗುತ್ತಿದ್ದೆ.

ಮೂರು ವರ್ಷದ ಹಿಂದೆ, ಒಂದು ಶುಕ್ರವಾರ, ಚಾಚಾ ತೀರಿಕೊಂಡರು. ಮಣ್ಣಿಗೆ ಹೆಂಗಸರು ಹೋಗುವಂತಿಲ್ಲ. ಗಲ್ಲಿಯ ತುದಿಯಲ್ಲಿ ನಿಂತು ನೋಡಿದೆ. ಆಮೇಲೆ ಸಂಜೆಯ ಬಸ್ಸಿಳಿದು ಎಷ್ಟೋ ದಿನ ಕಾಲು ತಾನಾಗಿ ಆ ಕಡೆಗೇ ತಿರುಗುತ್ತಿತ್ತು. ಬೀಗ ನೋಡಿ ಮನೆಗೆ ಹೋಗುತ್ತಿದ್ದೆ. ಈ ವರ್ಷ ನಾನೂ ನಿವೃತ್ತಳಾದೆ, ಬಸ್ಸಿಳಿಯುವುದೂ ನಿಂತಿತು.

ಮೂರು ತಿಂಗಳ ಹಿಂದೆ ಮೆಹರುನ್ ಬಂದಳು. ಅಂಗಡಿ ಖಾಲಿ ಮಾಡಲು ಬಂದಿದ್ದಳಂತೆ. ನನ್ನ ಮನೆಯ ಕಟ್ಟೆಯ ಮೇಲೆ ಕುಳಿತು, ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕ ಮುಂದಿಟ್ಟಳು. ಅದೂ ಹಳೆಯದೇ, ಅದೇ ನೀಲಿ ಬಟ್ಟೆಯ ಹೊದಿಕೆ. ಯಾವುದೋ ದೂರದ ಸೀಮೆಯ ಒಂದು ದೊಡ್ಡ ಸರೋವರದ ಬಗ್ಗೆ ಬರೆದದ್ದು.

“ಇದು ನಿಮಗ ಕೊಡು ಅಂದಿದ್ದ ಅಬ್ಬಾ. ನನಗ ಕೊಡಾಕ ಮನಸಿರಲಿಲ್ರಿ, ಅದಕ್ಕ ಮೂರು ವರ್ಷ ಆತು.”

“ಯಾಕವಾ?”

ಅವಳು ನೇರವಾಗಿ ನೋಡಿದಳು. “ಅಬ್ಬಾಗ ಗೊತ್ತಿತ್ರಿ. ನೀವು ಹೋಗಿಲ್ಲಂತ.”

ಅವಳು ಹೇಳಿದ್ದು ಇಷ್ಟು. ಆ ಮೂಟೆಯಲ್ಲಿ ಬಂದ ಎರಡೂ ಪುಸ್ತಕ ಒಂದೇ ಅಚ್ಚುಕೂಟದವು, ಅಳತೆ ಒಂದೇ, ಅಕ್ಷರ ಒಂದೇ. ಹದಿನಾರು ಪುಟಕ್ಕೆ ಒಂದು ಫಾರಂ. ಮಡಚಿದ ಫಾರಂಗಳನ್ನು ಒಂದರ ಮೇಲೊಂದಿಟ್ಟು ಹೊಲಿದರೆ ಪುಸ್ತಕ. ಎರಡನ್ನೂ ಒಟ್ಟಿಗೆ ಬಿಚ್ಚಿ ಹೊಲಿಯುವಾಗ ಏಳನೇ ಫಾರಂ ಅದಲುಬದಲಾಗಿತ್ತು. ಕಣ್ಣು ಆಗಲೇ ಮಬ್ಬಾಗತೊಡಗಿತ್ತು, ಅವರಿಗೇ ಗೊತ್ತಿರಲಿಲ್ಲ. ಸರೋವರದ ತೊಂಬತ್ತೇಳರಿಂದ ನೂರಾ ಹನ್ನೆರಡರವರೆಗಿನ ಪುಟಗಳು ಸಮುದ್ರದಲ್ಲಿ, ಸಮುದ್ರದವು ಸರೋವರದಲ್ಲಿ. ಪುಟದ ಅಂಕಿ ಸರಿಯಾಗಿ ಕೂಡಿಕೊಂಡಿತ್ತು. ತೊಂಬತ್ತಾರನೇ ಪುಟ “ಅಲ್ಲಿಂದ ನಾವು ದೋಣಿ ಹತ್ತಿ” ಎಂದು ಮುಗಿಯುತ್ತಿತ್ತು, ತೊಂಬತ್ತೇಳು “ಬೆಳಗಿನ ಸಂತೆಗೆ ಹೋದೆವು” ಎಂದು ಶುರುವಾಗುತ್ತಿತ್ತು. ಊರಿನ ಹೆಸರು ಎಲ್ಲೂ ಇಲ್ಲ, ನೀರು, ದೋಣಿ, ಸಂತೆ ಅಷ್ಟೇ. ಕನ್ನಡದ ಟೀಚರು ಮೂರು ಸಲ ಓದಿದಳು. ನೂರಾ ಹದಿಮೂರಕ್ಕೆ ಬಂದಾಗ ವಾಕ್ಯ ತುಸು ಎಡವಿದ್ದು ನೆನಪಿದೆ. ಹಳೇ ಕಾಲದ ಗದ್ಯ ಎಂದುಕೊಂಡು ದಾಟಿದ್ದೆ. ಉಪ್ಪುನೀರಿನಲ್ಲಿ ತಾವರೆ ಹೇಗೆ ಬೆಳೆಯುತ್ತದೆ ಎಂದು ನಮ್ಮ ಶಾಲೆಯ ಯಾವ ಹುಡುಗಿಯಾದರೂ ಕೇಳುತ್ತಿದ್ದಳು. ನಾನು ಕೇಳಲಿಲ್ಲ.

ನಾನು ತಾವರೆಯ ಮಾತಾಡಿದ ದಿನವೇ, ನಾನು ಎದ್ದುಹೋದ ಮೇಲೆ, ಆ ಸಂತೆ ಸರೋವರದ್ದೆಂದು ಹಿಂದೆ ಓದಿ ನೆನಪಿದ್ದ ಚಾಚಾ ಹಲಗೆಯಿಂದ ಆ ಪುಸ್ತಕ ಇಳಿಸಿ ಏಳನೇ ಫಾರಂ ತೆರೆದು ನೋಡಿದರಂತೆ; ಅಲ್ಲಿದ್ದದ್ದು ಸಮುದ್ರ.

“ನಾ ಫೋನಿನಾಗ ಜಗಳಾನೂ ಮಾಡೀನ್ರಿ” ಎಂದಳು ಮೆಹರುನ್. “ಅವರು ಹೋಗ ಇಲ್ಲ, ಅವರ ಮಾತು ಕೇಳಿ ನೀ ಯಾಕ ಬರವಲ್ಲಿ ಅಬ್ಬಾ ಅಂದೆ. ಅದಕ್ಕ ಏನಂದ ಗೊತ್ತೇನ್ರಿ? ‘ನಾ ನೋಡಿ ಬಂದ್ರ ಅಕ್ಕೋರು ನಾಚಿಕೊಂಡು ಅಂಗಡಿಗಿ ಬರೂದು ಬಿಡತಾರ. ಈ ಅಂಗಡಿ ಬಿಟ್ರ ಊರಾಗ ಅವರಿಗಿ ಯಾರದಾರವಾ? ಸಮುದ್ರ ಎಲ್ಲಿಗಿ ಹೋಗತೈತಿ, ಅಲ್ಲೇ ಇರತೈತಿ’ ಅಂದ.”

ನನಗೆ ಗೊತ್ತಿಲ್ಲದಂತೆ ಆರು ವರ್ಷ ಆ ಮನುಷ್ಯ ನನ್ನ ಸುಳ್ಳನ್ನು ತನ್ನದೇ ಗುಟ್ಟಿನಂತೆ ಕಾಪಾಡಿದ್ದರು. ಅದು ಬ್ಯಾಡ, ಮುಂದಿಂದು ಓದ್ರಿ — ಆ ಹದಿನಾರು ಪುಟ ದಾಟಿಸಿದ್ದು ಬೇಸರಕ್ಕಲ್ಲ. ನನ್ನದೇ ಸುಳ್ಳನ್ನು ನನ್ನದೇ ಬಾಯಿಂದ ಓದಿಸಬಾರದೆಂದು. ಒಂದೇ ಒಂದು ಸಂಜೆ ನಾನು ಪುಸ್ತಕ ಮುಚ್ಚಿ, ಚಾಚಾ ನಾನು ಹೋಗಿರಲಿಲ್ಲ ಎಂದಿದ್ದರೆ — ಕಣ್ಣು ಇನ್ನೂ ಇದ್ದಾಗ ಎಂದಿದ್ದರೆ —

“ನಿನಗ ನನ್ನ ಮ್ಯಾಲ ಸಿಟ್ಟೈತೇನು?” ಎಂದು ಕೇಳಿದೆ.

“ಐತ್ರಿ. ಇಲ್ಲಂತ ಹೆಂಗ ಹೇಳ್ಲಿ? ಆತ ಸಾಯೂ ಮುಂದ ಸಮುದ್ರ ಹೆಂಗೈತಿ ಅಂತ ನನ್ನ ಕೇಳಿದ. ಫೋನಿನಾಗ ಅದರ ಸಪ್ಪಳ ಕೇಳಿಸಿದೆ. ಅಷ್ಟ ಆತು.” ಕಣ್ಣೊರೆಸಿಕೊಂಡು ಎದ್ದಳು. ಬಾಗಿಲ ಹತ್ತಿರ ನಿಂತು, “ಕವಡಿ ನಾ ಇಟ್ಕೋತೀನ್ರಿ” ಎಂದಳು. ಇಟ್ಕೋವಾ ಎಂದೆ. ಅದು ಗಂಗಾವತಿಯ ಅಂಗಡಿಯದೆಂದು ಹೇಳಿಬಿಟ್ಟೆ. ಗೊತ್ತು ಎನ್ನುವಂತೆ ತಲೆಯಾಡಿಸಿದಳು.

ನಾನು ಒಂಟಿಯಾಗಿದ್ದೆ, ಅದಕ್ಕೇ ಹೀಗಾಯಿತು ಎಂದು ಬರೆಯಬಹುದಿತ್ತು. ಓದುವವರು ಅಯ್ಯೋ ಪಾಪ ಎನ್ನುತ್ತಾರೆ. ಆದರೆ ಊರಿನಲ್ಲಿ ಒಂಟಿಯಾಗಿರುವವಳು ನಾನೊಬ್ಬಳೇ ಅಲ್ಲ, ಚಾಚಾನೂ ಒಂಟಿಯೇ. ಅವರು ತಮ್ಮ ಒಂಟಿತನದಲ್ಲಿ ನನಗಾಗಿ ಸಮುದ್ರ ಬಿಟ್ಟರು. ನಾನು ನನ್ನ ಒಂಟಿತನದಲ್ಲಿ ಅವರಿಂದ ಅದನ್ನು ಬಿಡಿಸಿದೆ. ಇದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಬರುವ ತಿಂಗಳು ಅಂಡಮಾನಿಗೆ ಹೋಗುತ್ತಿದ್ದೇನೆ. ಯಾವ ತಂಡದಲ್ಲೂ ಅಲ್ಲ. ಒಬ್ಬಳೇ, ಒಬ್ಬಳಿಗೆ ಒಂದು ಕೋಣೆ. ಹೋಗಿ ಬಂದರೆ ಪಾಪ ತೊಳೆಯುತ್ತದೆ ಎಂದು ನಾನು ನಂಬಿಲ್ಲ. ಈ ಸಲವೂ ಎರಡು ವಾರದಿಂದ ಪುಸ್ತಕ ಆರಿಸುತ್ತಿದ್ದೇನೆ — ಒಂದನ್ನು ಎತ್ತುತ್ತೇನೆ, ಯಾರಾದರೂ ಬೇಡ ಎನ್ನಲಿ ಎಂದು ಕಾಯುತ್ತೇನೆ, ವಾಪಸು ಇಡುತ್ತೇನೆ. ಕೊನೆಗೆ ಚೀಲದಲ್ಲಿ ಉಳಿದದ್ದು ಎರಡೇ, ಎರಡೂ ನೀಲಿ. ಸರೋವರದ ಪುಸ್ತಕದಲ್ಲಿ ಸಿಕ್ಕಿಕೊಂಡಿರುವ ಸಮುದ್ರದ ಹದಿನಾರು ಪುಟಗಳನ್ನು ನಾನಿನ್ನೂ ಓದಿಲ್ಲ. ಮೊದಲು ನೋಡ್ರಿ, ಆಮ್ಯಾಲ ಓದ್ರಿ ಎಂದಿದ್ದರು.

ಮೊದಲ ಪುಸ್ತಕದ ಕೊನೆಯ ಎಂಟು ಹಾಳೆ ಒಂಬತ್ತು ವರ್ಷದಿಂದ ಖಾಲಿಯೇ ಇದ್ದವು. ಸುಳ್ಳನ್ನು ಬಾಯಲ್ಲಿ ಹೇಳಿದೆನೇ ಹೊರತು, ಅವರು ಹೊಲಿದ ಹಾಳೆಯ ಮೇಲೆ ಬರೆಯಲು ಕೈ ಬಂದಿರಲಿಲ್ಲ. ನಿನ್ನೆ ಮೊದಲ ಹಾಳೆಯ ಮೇಲೆ ಒಂದು ಸಾಲು ಬರೆದೆ. ಅಕ್ಕೋರ, ಸಮುದ್ರ ನಿಂತ ನೀರೋ, ಹರಿಯೂ ನೀರೋ? ಅದರ ಕೆಳಗೆ ಜಾಗ ಬಿಟ್ಟಿದ್ದೇನೆ. ಉತ್ತರ ನನಗಿನ್ನೂ ಗೊತ್ತಿಲ್ಲ, ಚಾಚಾ.